ಉತ್ತರಕ್ಕೆ ಹನ್ನೊಂದು ಗಜ

ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೋಣೆ, ಅದಕ್ಕೆ ಹತ್ತಿಕೊಂಡು ಒಂದು ಬಚ್ಚಲು ಕಟ್ಟಿಕೊಳ್ಳಲು ಪರವಾನಗಿ ಬೇಕೆಂದು ನಾನು ಪಂಚಾಯಿತಿ ಕಚೇರಿಗೆ ಹೋದದ್ದು ಒಟ್ಟು ಮೂವತ್ತೊಂದು ಸಲ. ಮೊದಲ ಸಲ ಏಪ್ರಿಲ್ ಎಂಟು, ಕೊನೆಯ ಸಲ ನವೆಂಬರ್ ಹದಿನಾಲ್ಕು. ಬರೆದಿಡುವುದು ನನ್ನ ಚಟ. ಔರಾದಿನ ಒಂದು ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸ ನನ್ನದು. ಯಾರ ಸೀಸೆ, ಎಷ್ಟು ಹೊತ್ತಿಗೆ ಬಂತು, ವರದಿ ಯಾರು ಒಯ್ದರು ಎಂದು ದಿನವಿಡೀ ಬರೆದು ಬರೆದು ಮನೆಯ ವಿಷಯಕ್ಕೂ ಅದೇ ರೂಢಿಯಾಗಿದೆ. ಆ ಮೂವತ್ತೊಂದರಲ್ಲಿ ಸಹಿ ಹಾಕುವ ಸಾಹೇಬರು ಕುರ್ಚಿಯ ಮೇಲೆ ಸಿಕ್ಕಿದ್ದು ಎಂಟು ಸಲ. ಸರ್ವರ್ ಬಂದ್ ಆಗಿದ್ದದ್ದು ಆರು ಸಲ. "ನಾಳಿ ಬರ್ರಿ" ಎನ್ನಿಸಿಕೊಂಡು ವಾಪಸು ಬಂದದ್ದು ಹದಿಮೂರು ಸಲ. ಉಳಿದ ನಾಲ್ಕನ್ನು ಯಾವ ಸಾಲಿಗೆ ಹಾಕಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ನಮ್ಮ ಊರು ಔರಾದ ತಾಲೂಕಿನಲ್ಲಿದೆ. ಈಚೆಗೆ ಅದು ಹಳ್ಳಿಯಲ್ಲ, ಪಟ್ಟಣ ಎಂದಾಯಿತು. ಕಚೇರಿಯ ಮೇಲೆ ಹೊಸ ಬೋರ್ಡು ಬಂತು. ಬೋರ್ಡಿನ ಮುಂದಿನ ರಸ್ತೆಯಲ್ಲಿ ಸೋಯಾ ಒಣಹಾಕುವುದು ಮಾತ್ರ ನಿಲ್ಲಲಿಲ್ಲ. ಒಂದು ಉದ್ದನೆಯ ಬೀದಿ, ಅದರ ಎರಡೂ ಕಡೆ ಓಣಿಗಳು, ಕೊನೆಗೆ ನಮ್ಮ ಚರ್ಚು. ಅಲ್ಲಿಂದ ಮುಂದೆ ತೊಗರಿ ಹೊಲ. ಇಷ್ಟೇ ಪಟ್ಟಣ. ಆದರೆ ಪಟ್ಟಣ ಅಂದ ಮೇಲೆ ಕೋಣೆ ಕಟ್ಟಲು ಪರವಾನಗಿ ಬೇಕು, ಪರವಾನಗಿಗೆ ನಕ್ಷೆ ಬೇಕು, ನಕ್ಷೆಗೆ ಜಾಗದ ಅಳತೆ ಬೇಕು.

ಕೋಣೆ ಬೇಕಾಗಿದ್ದದ್ದು ಅವ್ವನಿಗೆ. ಅವ್ವ ನಿವೃತ್ತ ನರ್ಸ್. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಫೆಬ್ರವರಿ ಹತ್ತೊಂಬತ್ತರಂದು ಬಚ್ಚಲಿಗೆ ಇಳಿಯುವ ಮೂರು ಕಲ್ಲಿನ ಮೆಟ್ಟಿಲುಗಳ ಮೇಲೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಬೀದರದಲ್ಲಿ ಆಪರೇಷನ್ ಆಯಿತು. ಇನ್ನು ಮೆಟ್ಟಿಲು ಹತ್ತಬಾರದು, ಕುಕ್ಕರುಗಾಲಲ್ಲಿ ಕೂಡಬಾರದು, ವಾಕರ್ ಹಿಡಿದೇ ನಡೆಯಬೇಕು ಎಂದು ಡಾಕ್ಟರು ಹೇಳಿದರು. ನಮ್ಮ ಮನೆಗೆ ಮುಂದೆ ನಾಲ್ಕು ಮೆಟ್ಟಿಲು, ಹಿಂದೆ ಮೂರು, ನಡುವೆ ಮೊಳಕಾಲೆತ್ತರದ ಎರಡು ಹೊಸ್ತಿಲು. ಹಾಗಾಗಿ ಆಸ್ಪತ್ರೆಯಿಂದ ಅವ್ವ ನೇರವಾಗಿ ಭಾಲ್ಕಿಗೆ, ಚಿಗವ್ವನ ಮನೆಗೆ ಹೋದಳು. ಅಲ್ಲಿ ಕೆಳಗಿನ ಕೋಣೆಯಲ್ಲೇ ಕಮೋಡು ಇತ್ತು.

ಚಿಗವ್ವನ ಮಗಳಿಗೆ ಮೊದಲ ಹೆರಿಗೆ. ಅಕ್ಟೋಬರ್ ಕೊನೆಗೆ ದಿನ. ಬಾಣಂತನ ಆಗಬೇಕಾದದ್ದು ಅದೇ ಕೋಣೆಯಲ್ಲಿ. "ಅಕ್ಟೋಬರ್ ತನಕ ಆರಾಮ ಇರು, ಮುಂದಿಂದು ಮುಂದ ನೋಡೂಣು" ಎಂದಳು ಚಿಗವ್ವ. ಅವ್ವನ ಕಿವಿಗೆ ಬಿದ್ದದ್ದು ಅಕ್ಟೋಬರ್ ತನಕ ಎಂಬ ಎರಡು ಮಾತು ಮಾತ್ರ. ಪ್ರತಿ ಫೋನಿನಲ್ಲೂ ಒಂದೇ ಮಾತು ಕೇಳುತ್ತಿದ್ದಳು. "ಕಾಗದ ಎಲ್ಲಿ ತನಕ ಬಂತು?"

ನಮ್ಮ ಹಿತ್ತಲು ಸಮತಟ್ಟಾಗಿದೆ. ಪಕ್ಕದ ಓಣಿಯಿಂದ ಮೆಟ್ಟಿಲಿಲ್ಲದೆ ಒಳಗೆ ಬರಬಹುದು. ಅಲ್ಲಿ ಒಂದು ಕೋಣೆ, ಕಮೋಡಿನ ಬಚ್ಚಲು ಎದ್ದರೆ ಅವ್ವ ಮನೆಗೆ ಬರುತ್ತಾಳೆ. ಮನೆ ಕಟ್ಟುವ ಗೌಂಡಿಯನ್ನು ಕರೆಸಿ ಜಾಗ ತೋರಿಸಿದೆ. ಅವರು ಕಾಲಲ್ಲೇ ಹೆಜ್ಜೆ ಹಾಕಿ ಅಳೆದು, "ಎರಡು ತಿಂಗಳದಾಗ ಬೀಗದ ಕೈ ಕೊಡ್ತೇನಿ ಅಕ್ಕಾರ" ಎಂದರು.

"ಪರ್ಮಿಷನ್ ಬಂದ ಮ್ಯಾಲ ಸುರು ಮಾಡೂಣ್ರಿ" ಎಂದೆ.

ಅವರು ಓಣಿಯ ಉದ್ದಕ್ಕೂ ಕೈ ತೋರಿಸಿದರು. "ಈ ಮನಿಗೆಲ್ಲ ಪರ್ಮಿಷನ್ ಐತಂತ ತಿಳಿದೀರೇನು? ನಾನೇ ಕಟ್ಟೀನಿ, ನನಗ ಗೊತ್ತಿಲ್ಲೇನು?"

ಹೋದ ವರ್ಷ ಬೀದಿಯ ಕೊನೆಗೆ ಒಬ್ಬರ ಗೋಡೆ ಎದೆಮಟ್ಟ ಎದ್ದಾಗ ಕೆಲಸ ನಿಲ್ಲಿಸಿದ್ದರು. ಅದು ಇನ್ನೂ ಎದೆಮಟ್ಟಕ್ಕೇ ನಿಂತಿತ್ತು. ನಮ್ಮದೂ ಹಾಗಾದರೆ ಅವ್ವ ಎಲ್ಲಿಗೆ ಬರಬೇಕು? ಅವ್ವನಿಗೆ ಫೋನಿನಲ್ಲಿ ಕೇಳಿದೆ. "ಚೀಟಿ ಇಲ್ದ ಒಂದು ಗುಳಗಿ ಸುದ್ದಾ ನಾ ಯಾರಿಗೂ ಕೊಟ್ಟಿಲ್ಲ. ಕಾಗದ ಮಾಡ್ಸು" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಕಚೇರಿಯ ಗುಮಾಸ್ತರು ನಮ್ಮ ಖಾತೆ ತೆಗೆದು ನೋಡಿದರು. ಒಟ್ಟು ಕ್ಷೇತ್ರ ಇತ್ತು. ನಾಲ್ಕು ಬದಿಯ ಅಳತೆಯ ಜಾಗದಲ್ಲಿ ಏನೂ ಇರಲಿಲ್ಲ. ಮೂಲ ಪತ್ರ ತರಬೇಕೆಂದರು. ಅಪ್ಪನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ನಿಜಾಮರ ಕಾಲದಲ್ಲಿ ಅಜ್ಜ ಜಾಗ ಕೊಂಡಾಗಿನದು. ಪೂರ್ತಿ ಉರ್ದು. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, "ಇದು ಸೀದಾ ಐತೋ ಉಲ್ಟಾ ಐತೋ ನನಗ ಗೊತ್ತಾಗವಲ್ದು ತಂಗಿ. ಕನ್ನಡ ಮಾಡಿಸಿ, ಸಹಿ ಸಿಕ್ಕಾ ಹಾಕಿಸಿ ತರ್ರಿ" ಎಂದರು.

ಮೇ ಆರರಂದು ಬೀದರಕ್ಕೆ ಹೋದೆ. ಹಳೆ ಊರಿನ ಒಂದು ಮಹಡಿಯ ಕೋಣೆಯಲ್ಲಿ ಒಬ್ಬ ನಿವೃತ್ತ ಉರ್ದು ಮಾಸ್ತರರು ಹಳೆಯ ಪತ್ರ ಓದಿ ಕನ್ನಡಕ್ಕೆ ಮಾಡಿಕೊಡುತ್ತಾರೆ. ಅವರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿ ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಎರಡೂ ಬದಿ ಹನ್ನೆರಡು ಗಜ. ಕೊನೆಯ ಸಾಲು ಉಳಿದಾಗ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. "ಇದು ಶುಮಾಲ್ ಅಂದ್ರ ಉತ್ತರ, ಆಮೇಲ ಜುನೂಬ್, ದಕ್ಷಿಣ. ಅಳತಿ ಎಷ್ಟಂದ್ರ..." ಎನ್ನುತ್ತ ಎದ್ದರು.

"ಉರ್ದು ಅಂಕಿ ನನಗ ಬರ್ತಾವ್ರಿ, ನಾನೇ ಬರ್ಕೋತೇನಿ" ಎಂದೆ.

ಸುಳ್ಳಲ್ಲ, ಬರುತ್ತಿದ್ದವು. ನಮ್ಮ ಮನೆಯ ಪೂರ್ವದ ಗೋಡೆಯಾಚೆ ನಾನು ಖಾಲಾ ಎಂದು ಕರೆಯುವ ಹಿರಿಯ ಹೆಂಗಸೊಬ್ಬರು ಇದ್ದಾರೆ. ಅವ್ವ ಡ್ಯೂಟಿಗೆ ಹೋದಾಗ ನನ್ನನ್ನು ನೋಡಿಕೊಂಡವರು ಅವರೇ. ಗೋಡೆಯ ಉರ್ದು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಅಂಕಿ ಕಲಿಸಿದ್ದರು. ಅಕ್ಷರ ಕಲಿಯುವ ಹೊತ್ತಿಗೆ ನಾನು ಶಾಲೆಗೆ ಸೇರಿದೆ. ಆ ಸಾಲಿನಲ್ಲಿ ಎರಡು ಅಳತೆ ಇದ್ದವು: ಹನ್ನೊಂದು, ಒಂಬತ್ತು. ಉತ್ತರ ಹನ್ನೊಂದು ಗಜ, ದಕ್ಷಿಣ ಒಂಬತ್ತು ಗಜ ಎಂದು ಬರೆದೆ. ಅವರು ಬರುವುದರೊಳಗೆ ಎಲ್ಲವನ್ನೂ ಅಂದವಾಗಿ ಗೆರೆ ಎಳೆದು ಬೇರೆ ಹಾಳೆಗೆ ಇಳಿಸಿದ್ದೆ. ಮಾಸ್ತರರು ನನ್ನ ಅಕ್ಷರ ಹೊಗಳಿ ಸಹಿ ಮಾಡಿ, ಸಿಕ್ಕಾ ಒತ್ತಿದರು.

ಉತ್ತರ ಎಂದರೆ ನಮ್ಮ ಹಿತ್ತಲು. ಹನ್ನೊಂದು ಗಜಕ್ಕೆ ಮೂವತ್ತಮೂರು ಫೂಟು. ಭಾಲ್ಕಿಯ ಇಂಜಿನಿಯರರು ಆ ಹಾಳೆ ನೋಡಿಯೇ ನಕ್ಷೆ ತೆಗೆದರು. ಜಾಗ ನೋಡಲು ಬರುವುದಿಲ್ಲವೇ ಎಂದು ಕೇಳಿದೆ. "ಇಷ್ಟು ಚಂದ ಬರಕೊಂಡು ಬಂದೀರಿ, ಬಿಸಲಾಗ ಯಾಕ ಬರೂದ್ರಿ?" ಎಂದರು. ನನಗೆ ಹೆಮ್ಮೆಯೇ ಆಯಿತು. ಆ ದಿನದ ದಿನಚರಿಯಲ್ಲಿ ಅದನ್ನೂ ಬರೆದಿದ್ದೇನೆ.

ಅಲ್ಲಿಂದ ಕಡತ ಕಚೇರಿಯಲ್ಲಿ ಮಲಗಿತು. ಜೂನ್ ಪೂರ್ತಿ ಹೋಯಿತು. ನಾನು ಲ್ಯಾಬಿಗೆ ಹೋಗುವ ಮೊದಲು ಹತ್ತು ಗಂಟೆಗೆ ಕಚೇರಿಗೆ ಹಾಜರಾಗುತ್ತಿದ್ದೆ. ಗುಮಾಸ್ತರು ನನ್ನನ್ನು ಕಂಡ ಕೂಡಲೇ ಚಹಾದ ಬಟ್ಟಲು ಎತ್ತಿ ಹಿಡಿಯುತ್ತಿದ್ದರು.

"ಸಾಹೇಬ್ರು ಬೀದರಕ್ಕ ಮೀಟಿಂಗಿಗೆ ಹೋಗ್ಯಾರ."

"ನಿನ್ನೀನೂ ಬೀದರಕ್ಕ ಹೋಗಿದ್ರಲ್ರಿ?"

"ನಿನ್ನಿ ಹೋಗಿದ್ದು ಇವತ್ತಿನ ಮೀಟಿಂಗಿನ ತಯಾರಿಗಿ."

"ಹಂಗಾರ ನಾಳಿ?"

"ನಾಳಿ ಮೀಟಿಂಗಿನಾಗ ಏನಾತಂತ ಇಲ್ಲಿ ಮೀಟಿಂಗ್. ನೀವು ನಾಡ್ದು ಬರ್ರಿ, ಇಲ್ಲಾ ಬ್ಯಾಡ, ನಾಳಿನೇ ಬರ್ರಿ. ನಾಡ್ದು ನಾ ಇರಂಗಿಲ್ಲ."

ನಗು ಬರುವ ಮಾತೇ. ಆದರೆ ಪ್ರತಿ ನಾಳೆಗೆ ಅವ್ವನ ಒಂದು ಫೋನು ಇತ್ತು. ಜುಲೈಯಲ್ಲಿ ಅವಳು ಕಾಗದದ ವಿಷಯ ಕೇಳುವುದನ್ನು ಬಿಟ್ಟಳು. "ಊಟ ಆತೇನು?" ಎಂದು ಕೇಳಿ ಫೋನಿಡುತ್ತಿದ್ದಳು. ಅದು ಇನ್ನೂ ಕಷ್ಟವಾಯಿತು.

ಜುಲೈ ಇಪ್ಪತ್ತಮೂರಕ್ಕೆ ಸಾಹೇಬರು ಜಾಗ ನೋಡಲು ಬಂದರು. ಗುಮಾಸ್ತರು ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. ಖಾಲಾರ ಗೋಡೆಯಿಂದ ಓಣಿಯ ತನಕ ಹಿತ್ತಲು ಇಪ್ಪತ್ತೇಳು ಫೂಟು ಬಂತು. ಮತ್ತೊಮ್ಮೆ ಅಳೆದರು. ಇಪ್ಪತ್ತೇಳೇ.

"ಕಾಗದಾಗ ಮೂವತ್ಮೂರು ಐತಿ. ಆರು ಫೂಟ ಎಲ್ಲಿ ಹೋತು ತಂಗಿ?" ಎಂದು ಗುಮಾಸ್ತರು ನನ್ನನ್ನೇ ನೋಡಿದರು, ನಾನು ಎಲ್ಲೋ ಮುಚ್ಚಿಟ್ಟ ಹಾಗೆ. ಸಾಹೇಬರು ಖಾಲಾರ ಗೋಡೆಯತ್ತ ನೋಡಿದರು. ಕಡತದ ಮೇಲೆ ಅಳತೆ ತಾಳೆಯಾಗುವುದಿಲ್ಲ ಎಂದು ಬರೆದು ಹೋದರು.

ಮನೆಯ ಮುಂಭಾಗ ಅಳೆಯಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಕಳೆದುಹೋದದ್ದರ ಕಡೆಗೇ ಮನಸ್ಸಿತ್ತು. ಮರುದಿನ ಟೇಪು ಹಿಡಿದು ಖಾಲಾರ ಗೋಡೆಯನ್ನು ಆ ತುದಿಯಿಂದ ಈ ತುದಿಯ ತನಕ ಅಳೆದೆ. ಗೋಡೆ ಸೊಟ್ಟಗಿತ್ತು, ಹಿಂದಕ್ಕೆ ಹೋದಂತೆ ನಮ್ಮ ಕಡೆಗೆ ವಾಲಿತ್ತು. ಚಿಕ್ಕಂದಿನಿಂದ ನೋಡಿದ ಗೋಡೆ ಅದು. ಈಗ ಅದರಲ್ಲಿ ಕಪಟ ಕಾಣಿಸಿತು. ಖಾಲಾ ಪುಂಡಿಪಲ್ಲೆಯ ಗಿಡಕ್ಕೆ ನೀರು ಹಾಕುತ್ತಿದ್ದರು.

"ಖಾಲಾ, ಈ ಗೋಡಿ ಯಾವಾಗ ಕಟ್ಟಿದ್ರಿ?"

"ನನ್ನ ಶಾದಿಗಿಂತ ಮೊದಲೇ ಇತ್ತು. ಯಾಕ?"

"ನಮ್ಮ ಕಾಗದದ ಪ್ರಕಾರ ನಿಮ್ಮ ಗೋಡಿ ಆರು ಫೂಟ ನಮ್ಮ ಜಾಗದಾಗ ಐತಿ."

ಅವರು ನೀರಿನ ಚರಿಗೆ ಕೆಳಗಿಟ್ಟರು. "ಕಾಗದ ಹೇಳ್ತದ, ಇಲ್ಲಾ ನೀ ಹೇಳ್ತಿ?"

"ಕಾಗದ ಹೇಳ್ತೈತಿ" ಎಂದೆ. ಅವರು ಒಳಗೆ ಹೋದರು.

ಆಮೇಲೆ ಹತ್ತೊಂಬತ್ತು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ನಾನು ಬೇರೆಯದನ್ನೇ ಮಾಡಿದೆ. ಗುಮಾಸ್ತರು ಹೇಳಿಕೊಟ್ಟಂತೆ, ಪಕ್ಕದವರಿಗೆ ನೋಟೀಸು ಕೊಡಬೇಕೆಂದು ಅರ್ಜಿ ಬರೆದುಕೊಟ್ಟೆ. ಯಾರ ತಪ್ಪಿನಿಂದಾದರೂ ಆಗಲಿ, ಕಡತ ಮುಂದೆ ಸರಿದರೆ ಸಾಕು ಎನ್ನಿಸುವಷ್ಟು ಬೇಸತ್ತಿದ್ದೆ.

ಆಗಸ್ಟ್ ಹನ್ನೆರಡರಂದು ನೋಟೀಸು ಅವರ ಕೈಸೇರಿತು. ಅದನ್ನು ಹಿಡಿದುಕೊಂಡೇ ಖಾಲಾ ನಮ್ಮ ಹಿತ್ತಲಿಗೆ ಬಂದರು. ಕಲ್ಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡು, "ನಿನ್ನ ಅಜ್ಜಂದು ಕಾಗಜ್ ತಗೊಂಡು ಬಾ. ಸರಕಾರಕ್ಕ ತೋರ್ಸಿದಿ, ನನಗ ತೋರ್ಸಿಲ್ಲ" ಎಂದರು.

ತಂದುಕೊಟ್ಟೆ. ಮೊಳಕಾಲ ಮೇಲೆ ಹರಡಿ, ಸಾಲಿನ ಬಲತುದಿಗೆ ಬೆರಳಿಟ್ಟರು. ಬೆರಳು ಎಡಕ್ಕೆ ಸರಿಯತೊಡಗಿತು.

"ಶುಮಾಲ್. ನೌ ಗಜ್." ಬೆರಳು ಮುಂದೆ ಸರಿಯಿತು. "ಜುನೂಬ್. ಗ್ಯಾರಾ ಗಜ್."

ನನಗೆ ಕೂಡಲೇ ಅರ್ಥವಾಯಿತು. ಆದರೂ ನಂಬಲಾಗದೆ, "ಇನ್ನೊಮ್ಮೆ ಓದ್ರಿ" ಎಂದೆ. ಓದಿದರು. ಉತ್ತರ ಒಂಬತ್ತು, ದಕ್ಷಿಣ ಹನ್ನೊಂದು. ನಾನು ಆ ಸಾಲನ್ನು ಕನ್ನಡದ ಸಾಲಿನಂತೆ ಎಡದಿಂದ ನೋಡಿದ್ದೆ. ಎಡಕ್ಕಿದ್ದ ಹನ್ನೊಂದನ್ನು ಮೊದಲು ಬರೆದು, ಬಲಕ್ಕಿದ್ದ ಒಂಬತ್ತನ್ನು ಆಮೇಲೆ ಬರೆದಿದ್ದೆ. ಅಂಕಿ ಎರಡೂ ಸರಿಯಾಗಿದ್ದವು. ಅವುಗಳ ದಿಕ್ಕು ತಪ್ಪಿತ್ತು.

"ಅಂಕಿ ನಿನಗ ಕಲಿಸಿದ್ದು ಯಾರು?" ಎಂದರು ಖಾಲಾ.

"ನೀವೇ."

"ಎಲ್ಲಿಂದ ಓದಬೇಕು ಅಂತ ಕಲಿಸಿದ್ದಿಲ್ಲೇನು?"

"ಕಲಿಸಿದ್ರಿ."

"ಲ್ಯಾಬಿನಾಗೂ ಹಿಂಗೇ ಮಾಡ್ತಿಯೇನು? ನನ್ನ ಶುಗರ್ ನಿನ್ನ ಕಡೀನೇ ನೋಡ್ಸೀನಿ. ಇನ್ನ ಮ್ಯಾಲ ಬ್ಯಾರೇ ಕಡೆ ಹೋಗ್ತೀನಿ."

ನಾನು ಟೇಪು ತಂದು ಮನೆಯ ಮುಂದೆ ಚರಂಡಿಯ ಗುಂಟ ಅಳೆದೆ. ಮೂವತ್ತಮೂರು ಫೂಟು. ಆರು ಫೂಟು ಎಲ್ಲೂ ಹೋಗಿರಲಿಲ್ಲ. ಮುಂದೆಯೇ ಇತ್ತು, ನಾನು ದಿನಾ ಅದರ ಮೇಲೆ ಕಾಲಿಟ್ಟು ಕಚೇರಿಗೆ ಹೋಗುತ್ತಿದ್ದೆ. ವಾಪಸು ಬಂದು ಖಾಲಾರ ಮುಂದೆ ಕೂತು ಮಾಫಿ ಕೇಳಿದೆ. ಅವರು ನೋಟೀಸನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. "ಇದನ್ನ ಮೊದಲ ವಾಪಸ್ ತೆಗಿಸು. ಮಾಫಿ ಮಾತು ನಿನ್ನ ಅವ್ವ ಬಂದ ಮ್ಯಾಲ."

ಮರುದಿನ ಕಚೇರಿಗೆ ಹೋಗಿ, ತಪ್ಪು ನನ್ನದು ಎಂದೆ. ಗುಮಾಸ್ತರು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಒಂದು ಬಿಳಿ ಹಾಳೆ ಮುಂದೆ ಸರಿಸಿದರು. "ಹಂಗಾರ ಕಚೇರಿ ಕಡಿಯಿಂದ ಏನೂ ತಪ್ಪಿಲ್ಲ ಅಂತ ಚಂದಾಗಿ ಬರಕೊಡ್ರಿ. ನಿಮ್ಮ ಅಕ್ಷರ ಮುತ್ತಿನಂಗ ಅವ."

ಏಪ್ರಿಲಿನಿಂದ ಹಾಳಾದ ದಿನಗಳೆಲ್ಲ ನನ್ನ ಲೆಕ್ಕದಲ್ಲಿ ಅವರ ಹೆಸರಿಗಿದ್ದವು. ಈಗ ಜುಲೈ ಇಪ್ಪತ್ತಮೂರರಿಂದ ಈಚಿನವನ್ನು ನನ್ನ ಹೆಸರಿಗೆ ಬರೆದುಕೊಳ್ಳಬೇಕಾಯಿತು. ಆದರೆ ಅದಕ್ಕೂ ಮೊದಲಿನ ಮೂರೂವರೆ ತಿಂಗಳು? ಅವರು ಮೇ ತಿಂಗಳಲ್ಲೇ ಬಂದು ಟೇಪು ಹಿಡಿದಿದ್ದರೆ ಮೇ ತಿಂಗಳಲ್ಲೇ ಈ ತಪ್ಪು ಸಿಕ್ಕುತ್ತಿತ್ತು. ಅದನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿತ್ತು, ನನಗೆ ಧೈರ್ಯವಿರಲಿಲ್ಲ. ಕಚೇರಿಯದು ತಪ್ಪಿಲ್ಲ ಎಂದು ಬರೆದು ಸಹಿ ಮಾಡಿದೆ. ಖಾಲಾರ ಮೇಲಿನ ನೋಟೀಸು ಅದೇ ದಿನ ರದ್ದಾಯಿತು.

ಮತ್ತೆ ಬೀದರ. ಮಾಸ್ತರರು ಈ ಸಲ ಕನ್ನಡಕ ಒರೆಸಿ, ಒಂದೊಂದು ಅಂಕಿಯನ್ನೂ ತಾವೇ ಬರೆದರು, ಪೆನ್ನನ್ನು ನನ್ನ ಕೈಗೆ ಕೊಡಲಿಲ್ಲ. ಮತ್ತೆ ಠಾಣಾ ಕುಶನೂರಿನಲ್ಲಿ ಬಸ್ಸು ಬದಲಿಸಿ ಭಾಲ್ಕಿ. ಹಿತ್ತಲಿನಲ್ಲಿ ಆರು ಫೂಟು ಕಡಿಮೆಯಾದ್ದರಿಂದ ಇಂಜಿನಿಯರರು ಕೋಣೆಯನ್ನು ಅಷ್ಟೇ ಇಟ್ಟು ಬಚ್ಚಲನ್ನು ಒತ್ತಿ ಸಣ್ಣದು ಮಾಡಿದರು. ಮತ್ತೆ ಸರ್ವರ್. ಮತ್ತೆ ಮೀಟಿಂಗ್. ಸೆಪ್ಟೆಂಬರಿನಲ್ಲಿ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬರುವ ತನಕ ಮೂರು ವಾರ ಕುರ್ಚಿ ಖಾಲಿ. ಹೊಸಬರು ಬಂದು ಜಾಗವನ್ನು ತಾವೂ ಒಮ್ಮೆ ನೋಡಬೇಕೆಂದರು, ನೋಡಿದರು, ಸರಿಯಾಗಿದೆ ಎಂದರು, ಆದರೆ ಹಾಗೆಂದು ಬರೆಯಲು ಹನ್ನೊಂದು ದಿನ ತೆಗೆದುಕೊಂಡರು.

ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಚಿಗವ್ವನ ಮಗಳು ಬಂದಳು. ಅವ್ವ ತಾನೇ ಮುಂದಾಗಿ ಕೋಣೆ ಬಿಟ್ಟುಕೊಟ್ಟಳು. ಪಡಸಾಲೆಯ ಮೂಲೆಗೆ ಒಂದು ಮಂಚ, ಒಂದು ಪರದೆ, ಪರದೆಯ ಹಿಂದೆ ತೂತಿನ ಕುರ್ಚಿ, ಅದರ ಕೆಳಗೆ ಬಕೆಟ್ಟು. ಬಕೆಟ್ಟು ಒಯ್ಯಲು ಚಿಗವ್ವ ಬರಬೇಕು. ಕೂಸು ಹುಟ್ಟಿದ ಮೇಲೆ ನೋಡಲು ದಿನಾ ಜನ. ನಾನು ಒಂದು ಭಾನುವಾರ ಹೋದಾಗ ಪಡಸಾಲೆಯ ತುಂಬ ಬೀಗರು ಕೂತಿದ್ದರು. ಅವ್ವ ಮಂಚದ ಮೇಲೆ ಸೆರಗು ಸರಿಮಾಡಿಕೊಂಡು ಎಲ್ಲರೊಡನೆ ನಗುನಗುತ್ತ ಮಾತಾಡುತ್ತಿದ್ದಳು. ಅವರು ಎದ್ದು ಹೋದ ಕೂಡಲೇ ನನ್ನ ಕೈ ಹಿಡಿದು, "ಲಗೂ ಎಬ್ಬಿಸು, ಎರಡು ತಾಸಾತು ತಡಕೊಂಡು" ಎಂದಳು. ಮೂವತ್ತು ವರ್ಷ ಬೇರೆಯವರಿಗೆ ಬೆಡ್‌ಪ್ಯಾನ್ ಕೊಟ್ಟ ಹೆಂಗಸು.

ನವೆಂಬರ್ ಹದಿನಾಲ್ಕಕ್ಕೆ ಪರವಾನಗಿ ಕೈಗೆ ಬಂತು. ಒಂದೇ ಹಾಳೆ, ಹಿಂದೆ ಪಿನ್ನು ಹಾಕಿದ ನಕ್ಷೆ. ಹದಿನಾರಕ್ಕೆ ಅದನ್ನು ಒಯ್ದು ಅವ್ವನ ಕೈಗಿಟ್ಟೆ. ಹೆಸರು, ತಾರೀಖು, ಸಿಕ್ಕಾ ಎಲ್ಲವನ್ನೂ ಔಷಧದ ಡಬ್ಬಿಯ ಮೇಲಿನದನ್ನು ಓದುವಂತೆ ನಿಧಾನವಾಗಿ ಓದಿದಳು. ಆಮೇಲೆ ನಕ್ಷೆ ತಿರುವಿದಳು.

"ಬಚ್ಚಲ ಬಾಗಲಾ ಎಷ್ಟು ಅಗಲ ಐತಿ?"

"ಎರಡು ಫೂಟ ಮೂರು ಇಂಚ."

"ಚೌಕಟ್ಟು ಕಳದು?"

ಚೌಕಟ್ಟು ಕಳೆದರೆ ಎರಡು ಫೂಟೂ ಉಳಿಯುವುದಿಲ್ಲ. ಅವ್ವ ಮಂಚದ ಪಕ್ಕದ ವಾಕರನ್ನು ಎಳೆದು ನನ್ನ ಮುಂದೆ ನಿಲ್ಲಿಸಿದಳು. "ಇದನ್ನ ಅಳದಿಯೇನು?"

ನನ್ನ ಚೀಲದಲ್ಲಿ ಟೇಪು ಇತ್ತು, ಆ ಎಂಟು ತಿಂಗಳು ಅದು ಚೀಲ ಬಿಟ್ಟು ಹೊರಗೆ ಇದ್ದದ್ದೇ ಕಡಿಮೆ. ಗೋಡೆ ಅಳೆದಿದ್ದೆ, ಓಣಿ ಅಳೆದಿದ್ದೆ, ಚರಂಡಿ ಅಳೆದಿದ್ದೆ. ವಾಕರ್ ಅಳೆದಿರಲಿಲ್ಲ. ಕಾಲಿನಿಂದ ಕಾಲಿಗೆ ಎರಡು ಫೂಟು ಎರಡು ಇಂಚು ಬಂತು.

ಅಲ್ಲಿಂದಲೇ ಇಂಜಿನಿಯರರಿಗೆ ಫೋನು ಮಾಡಿದೆ. "ನಕ್ಷಾ ಬದಲ್ ಮಾಡಿದ್ರ ಮತ್ತ ಅರ್ಜಿ ಕೊಡಬೇಕ್ರಿ, ಹೊಸದಾಗಿ ಸಹಿ ಆಗ್ಬೇಕು" ಎಂದರು. ಆಮೇಲೆ, "ಒಳಗಿನ ಬಾಗಲಾ ಅದು, ಹೊರಗ ಕಾಣಂಗಿಲ್ಲ" ಎಂದು ಸೇರಿಸಿದರು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಕಾಗದ ಮಾಡಿಸು ಎನ್ನಲಿಲ್ಲ.

ಹದಿನೆಂಟಕ್ಕೆ ಗೌಂಡಿ ಬಂದರು. ನಕ್ಷೆ ನೋಡಿಕೊಂಡು ಹಿತ್ತಲಲ್ಲಿ ಸುಣ್ಣದ ಗೆರೆ ಹಾಕುತ್ತ ಬಚ್ಚಲ ಹತ್ತಿರ ನಿಂತರು.

"ಬಾಗಲಾ ಇಲ್ಲೇ ಬಿಡ್ಲ್ಯಾ?"

"ಇಲ್ಲೇ. ಮೂರು ಫೂಟ ಬಿಡ್ರಿ."

ಅವರು ನಕ್ಷೆಯನ್ನು ಮತ್ತೆ ನೋಡಿದರು. "ಇದರಾಗ ಎರಡೂ ಕಾಲು ಐತ್ರಿ."

"ಐತಿ. ಮೂರು ಬಿಡ್ರಿ."

"ಮೂರಂದ್ರ ಕೋಣಿ ಗೋಡಿ ಒಂದೀಟು ಸರಸ್ಬೇಕಾಗ್ತೈತಿ."

"ಸರಸ್ರಿ."

ಅವರು ಕಾಲಿನಿಂದ ಹಳೆಯ ಗೆರೆ ಅಳಿಸಿ ಹೊಸ ಗೆರೆ ಎಳೆದರು. ನಕ್ಷೆಯನ್ನು ಮಡಚಿ ನನ್ನ ಕೈಗಿಟ್ಟರು.

ಜನವರಿ ಹದಿನೇಳರಂದು ಅವ್ವ ಬಂದಳು. ಖಾಲಾ ಓಣಿಯ ಬಾಯಿಗೆ ಬಂದು ಅವಳನ್ನು ಗಾಡಿಯಿಂದ ಇಳಿಸಿಕೊಂಡರು. ಇಬ್ಬರೂ ಕೋಣೆಯಲ್ಲಿ ಕೂತು ಒಂದು ತಾಸು ನನ್ನ ಬಗ್ಗೆಯೇ ಮಾತಾಡಿದರು. ನನ್ನನ್ನು ಒಳಗೆ ಕರೆಯಲಿಲ್ಲ.

ಕಟ್ಟಡ ಮುಗಿದಿದೆ ಎಂಬ ಪತ್ರಕ್ಕೆ ಇನ್ನೂ ಅರ್ಜಿ ಹಾಕಬೇಕು. ಅವರು ಬಂದು ಅಳೆದರೆ ಬಚ್ಚಲ ಬಾಗಿಲು ನಕ್ಷೆಗಿಂತ ಒಂಬತ್ತು ಇಂಚು ಹೆಚ್ಚು ಸಿಕ್ಕುತ್ತದೆ. ಸಿಗಲಿ. ಅವ್ವ ಆ ಬಾಗಿಲಲ್ಲಿ ದಿನಕ್ಕೆ ಆರೇಳು ಸಲ ಹೋಗಿ ಬರುತ್ತಾಳೆ, ಯಾರನ್ನೂ ಕರೆಯದೆ.